ಹನ್ನೆರಡು ರಿಟರ್ನ್ ಟಿಕೆಟ್

ಎವರಿಸ್ತೊ ತನ್ನ ಚಳಿಗಾಲದ ಪ್ರವಾಸದ ಯೋಜನೆ ಹಾಕಲು ಹದಿನೇಳು ದಿನ ತೆಗೆದುಕೊಂಡ. ಅಡುಗೆಮನೆಯ ಮೇಜಿನ ತುಂಬ ಉತ್ತರ ಇಟಲಿಯ ನಕ್ಷೆ. ರೈಲಿಗೆ ಕೆಂಪು ಪೆನ್ಸಿಲು, ಬಸ್ಸಿಗೆ ನೀಲಿ, ನಡಿಗೆಗೆ ಹಸಿರು. ಹದಿನೇಳು ದಿನವೂ ಹೆಂಡತಿ ವಿಲ್ಮಾ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದಳು, ಒಂದು ಮಾತು ಗೊಣಗಲಿಲ್ಲ. ಈ ನಕ್ಷೆ ಮೇಜಿಗೆ ಬರಲೆಂದು ನಲವತ್ತೊಂದು ವರ್ಷ ಕಾದವಳಿಗೆ ಮೇಜಿಲ್ಲದ ಊಟ ಯಾವ ಮಹಾ ಕಷ್ಟ?

ಎವರಿಸ್ತೊ ಪೋ ನದಿಯ ದಡದ ಝಿಬೆಲ್ಲೊ ಊರಿನ ಡೈರಿಯಲ್ಲಿ ಚೀಸ್ ಮಾಡುವ ಮುಖ್ಯ ಕಸುಬುಗಾರ, ಊರವರ ಬಾಯಲ್ಲಿ ಚೀಸ್ ಮೇಷ್ಟ್ರು, ಆಗಿದ್ದವನು. ಹಸುವಿಗೆ ಭಾನುವಾರ ಯಾವುದು, ಕ್ರಿಸ್‌ಮಸ್ ಯಾವುದು ಎಂಬ ತಿಳಿವಳಿಕೆ ಇಲ್ಲ. ಅದು ದಿನವೂ ಹಾಲು ಕೊಡುತ್ತದೆ, ಕೊಟ್ಟ ಹಾಲು ಅಂದೇ ಹಂಡೆಗೆ ಬೀಳಬೇಕು. ಹೀಗಾಗಿ ನಮ್ಮ ಕಡೆ ಚೀಸ್ ಮೇಷ್ಟ್ರು ಡೈರಿಯ ಮಹಡಿಯ ಮೇಲೆಯೇ ಸಂಸಾರ ಹೂಡುತ್ತಾನೆ. ಬೆಳಗಿನ ಜಾವ ಮೂರೂವರೆಗೆ ಏಳುತ್ತಾನೆ, ರಾತ್ರಿ ಎಂಟಕ್ಕೆ ಮಲಗುತ್ತಾನೆ. ಎವರಿಸ್ತೊ ಮದುವೆಯಾದ ದಿನವೂ ಎರಡು ಹಂಡೆ ಹಾಲಿನ ಚೀಸ್ ಇಳಿಸಿ, ಕೈ ತೊಳೆದು, ಚರ್ಚಿಗೆ ಓಡಿದವನು. ಮರುದಿನ ಹೊಸ ಹೆಂಡತಿ ಕಣ್ಣು ಬಿಡುವಷ್ಟರಲ್ಲಿ ಕೆಳಗಿನಿಂದ ಹಾಲಿನ ಡಬ್ಬಗಳ ಸದ್ದು ಕೇಳುತ್ತಿತ್ತು.

ಕಳೆದ ನವೆಂಬರ್ ಹನ್ನೊಂದಕ್ಕೆ, ಸಂತ ಮಾರ್ತಿನನ ದಿನ, ಅವನ ಕೆಲಸ ಮುಗಿಯಿತು. ಈ ಬಯಲಿನಲ್ಲಿ ಮನೆ ಬಿಡುವವರು ಬಿಡುವುದು ಅಂದೇ. ಗಂಡಹೆಂಡಿರು ಮಂಚ, ಕಪಾಟು, ಎರಡು ಸೈಕಲ್ಲು ಕಟ್ಟಿಕೊಂಡು ಚರ್ಚಿನ ಹಿಂದಿನ ಎರಡು ಕೋಣೆಯ ಮನೆಗೆ ಬಂದರು. ಡೈರಿಯ ಮಹಡಿಗೆ ಬಲ್ಕಾರ್ ಸಿಂಗ್ ಸಂಸಾರ ಬಂತು. ಪಂಜಾಬಿನಿಂದ ಬಂದು ಹದಿನಾರು ವರ್ಷ ಎವರಿಸ್ತೊನ ಕೈಕೆಳಗೆ ಪಳಗಿದವನು ಬಲ್ಕಾರ್. ಈಗ ಅವನೇ ಮೇಷ್ಟ್ರು. ಆದರೆ ಗಾಣದೆತ್ತನ್ನು ಬಿಚ್ಚಿಬಿಟ್ಟರೆ ಅದು ಸುತ್ತುವುದನ್ನು ಬಿಡುತ್ತದೆಯೇ? ಎವರಿಸ್ತೊ ಮೂರೂವರೆಗೇ ಎದ್ದು, ‘ಸುಮ್ಮನೆ ಒಂದು ಸುತ್ತು’ ಎಂದು ಡೈರಿಗೆ ಹೋಗಿ, ಹಂಡೆಯ ಪಕ್ಕ ನಿಂತು, ಒಂಬತ್ತಕ್ಕೆ ಮನೆಗೆ ಬರುತ್ತಿದ್ದ. ಬಂದ ಮೇಲೆ ನಕ್ಷೆ ಬಿಚ್ಚುತ್ತಿದ್ದ.

ನಕ್ಷೆಯ ಮುಂದೆ ಕೂತರೆ ಅವನು ಬೇರೆಯೇ ಮನುಷ್ಯ. ತನ್ನ ಚೀಸ್ ಹೋಗದ ಊರು ಅದರಲ್ಲಿ ಒಂದೂ ಇರಲಿಲ್ಲ, ತಾನು ಹೋದ ಊರು ನಾಲ್ಕೂ ಇರಲಿಲ್ಲ. ಇಷ್ಟೊಂದು ಊರು, ಇಷ್ಟೊಂದು ಸರೋವರ, ಎಲ್ಲ ಇಷ್ಟು ಹತ್ತಿರ ಇದ್ದವಲ್ಲ ಎಂದು ಬೆರಳಿಟ್ಟು ಬೆರಗಾಗುತ್ತಿದ್ದ. ಜನವರಿಯೇ ಸರಿ ಎಂದು ತೀರ್ಮಾನಿಸಿದ: ರೈಲು ಖಾಲಿ, ಸರೋವರದ ದಂಡೆ ಖಾಲಿ, ಯಾರೂ ಅವಸರ ಮಾಡುವುದಿಲ್ಲ. ಹದಿನೇಳನೆಯ ದಿನ ಯೋಜನೆ ಬರೆದ ಹಾಳೆಯನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಎರಡೂ ಕೈಯಲ್ಲಿ ಹಿಡಿದು ತಂದು ವಿಲ್ಮಾಳ ಮುಂದಿಟ್ಟ.

ವಿಲ್ಮಾ ಕನ್ನಡಕ ಹಾಕಿಕೊಂಡಳು. ಪೂರ್ತಿ ಓದಿದಳು. ಹಾಳೆ ತಿರುಗಿಸಿ ಹಿಂದೆಯೂ ನೋಡಿದಳು. ಹಿಂದೆ ಏನೂ ಇರಲಿಲ್ಲ.

“ಮೊದಲ್ನೇ ದಿನ ಕ್ರೆಮೋನಾ. ರಾತ್ರಿ ಮಲಗೋದೆಲ್ಲಿ?”

“ಮನೇಲಿ.”

“ಎರಡ್ನೇ ದಿನ ಮಾಂತೋವಾ. ರಾತ್ರಿ?”

“ಸಂಜೆ ರೈಲಿದೆಯಲ್ಲ. ಮನೇಲಿ.”

“ಇಸೇಓ ಸರೋವರ?”

“ಅಲ್ಲಿಂದ ಮೂರು ಗಂಟೆಗೇ ಹೊರಟುಬಿಟ್ರೆ...” ಎಂದವನು ಅಲ್ಲಿಗೇ ನಿಂತ. ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಹನ್ನೆರಡು ದಿನ, ಹನ್ನೆರಡು ಊರು, ಪ್ರತಿ ಕೆಂಪು ಗೆರೆಯ ಪಕ್ಕದಲ್ಲೂ ವಾಪಸು ಬರುವ ಇನ್ನೊಂದು ಕೆಂಪು ಗೆರೆ. ನಿಜ ಹೇಳಬೇಕೆಂದರೆ, ಆ ಗಳಿಗೆಯವರೆಗೆ ಅದು ಅವನಿಗೇ ಗೊತ್ತಿರಲಿಲ್ಲ. ಬೆಳಗಿನ ಹಾಲಿಗೆ ಮನೆ ಮುಟ್ಟಲಾಗದ ಊರುಗಳನ್ನೆಲ್ಲ ಅವನ ಕೈ ತಾನಾಗಿಯೇ ಬಿಟ್ಟುಬಿಟ್ಟಿತ್ತು.

“ಇದು ಪ್ರವಾಸ ಅಲ್ಲ ಕಣೋ,” ವಿಲ್ಮಾ ಅಂದಳು, “ಹಾಲಿನ ಲಾರಿ ಸುತ್ತು. ಅದೂ ಹೀಗೇ, ಊರೂರು ತಿರುಗಿ ಮನೆಗೆ ಬಂದು ನಿಲ್ಲತ್ತೆ.”

“ಮನೇಲಿ ಒಳ್ಳೇ ಹಾಸಿಗೆ ಇರ್ಬೇಕಾದ್ರೆ...”

“ಹಾಸಿಗೆ ವಿಷ್ಯ ನೀನು ನಂಗೆ ಹೇಳ್ಬೇಡ,” ಎಂದು ಅವಳು ಕನ್ನಡಕ ತೆಗೆದಿಟ್ಟಳು. ಎವರಿಸ್ತೊನಿಗೆ ಅವಳು ಬೈದಿದ್ದರೆ ಹಗುರಾಗುತ್ತಿತ್ತು.

ಮೂರನೆಯ ದಿನ ಬಡಗಣ ಗಾಳಿ ಬೀಸಿ ಮಂಜನ್ನು ಗುಡಿಸಿಹಾಕಿತು. ಬೆಳಿಗ್ಗೆ ಏಳಕ್ಕೆ, ಸರಿಯಾಗಿ ಹಾಲಿಗೆ ಹೆಪ್ಪು ಹಾಕುವ ಹೊತ್ತಿಗೆ, ಎರಡು ಸೈಕಲ್ಲು ಹಿಡಿದುಕೊಂಡು ವಿಲ್ಮಾ ಡೈರಿಯ ಬಾಗಿಲಲ್ಲಿ ನಿಂತಳು.

“ಬಾ,” ಅಂದಳು.

“ಈಗಲಾ? ಹೆಪ್ಪು ಹಾಕೋ ಹೊತ್ತು.”

“ಅದಕ್ಕೇ ಈಗ ಬಂದೆ.”

ಎವರಿಸ್ತೊ ಹಂಡೆ ನೋಡಿದ, ಹೆಂಡತಿಯ ಮುಖ ನೋಡಿದ. ಬಲ್ಕಾರ್ ಬಂದು ಅವನ ಸೊಂಟದ ಏಪ್ರನ್ನಿನ ಗಂಟು ತಾನೇ ಬಿಚ್ಚಿದ. “ಹೋಗಿ ಮೇಷ್ಟ್ರೇ. ನೀವಿಲ್ಲಿ ನಿಂತಿದ್ರೆ ಕೆಲಸದ ಹುಡುಗರು ನನ್ನ ಮಾತು ಕೇಳಲ್ಲ, ನಿಮ್ಮ ಹುಬ್ಬು ನೋಡ್ತಾರೆ. ಹದಿನಾರು ವರ್ಷ ಕಲಿಸಿದ್ದು ದಂಡವಾ?” ನಗುತ್ತಲೇ ಹೇಳಿದ, ಆದರೆ ಏಪ್ರನ್ನು ವಾಪಸು ಕೊಡಲಿಲ್ಲ.

ನದಿಯ ಏರಿ ಡೈರಿಯಿಂದ ಹತ್ತು ನಿಮಿಷದ ದಾರಿ. ವಿಲ್ಮಾ ಮುಂದೆ, ಅವನು ಹಿಂದೆ. ಕಿವಿ ಚಳಿಗೆ ಉರಿಯುತ್ತಿತ್ತು. ಏರಿಯ ಮೇಲೆ ಹತ್ತಿದಾಗ ಅವಳು ಸೈಕಲ್ಲಿಗೆ ಒರಗಿ ನಿಂತು ಉತ್ತರಕ್ಕೆ ಕೈ ತೋರಿಸಿದಳು.

ಆಲ್ಪ್ಸ್ ಬೆಟ್ಟಗಳನ್ನು ಈ ಬಯಲಿನ ಎಲ್ಲರೂ ನೋಡಿರುತ್ತೇವೆ. ಚರ್ಚಿನ ಪೂಜೆಗೆ ಹೋಗುವಾಗ, ಸಂತೆಗೆ ಹೋಗುವಾಗ, ಆಚೆ ತುದಿಯಲ್ಲಿ ಒಂದು ಬಿಳಿಚಿದ ಗೆರೆ. ಎವರಿಸ್ತೊನೂ ಅಷ್ಟೇ ನೋಡಿದ್ದ. ಸೂರ್ಯ ಹುಟ್ಟುವ ಹೊತ್ತಿಗೆ ಅವನು ನಲವತ್ತೊಂದು ವರ್ಷವೂ ಹಬೆಯೊಳಗೆ ಮೊಣಕೈವರೆಗೆ ಮುಳುಗಿರುತ್ತಿದ್ದ. ಈಗ ನೋಡಿದರೆ ಪಡುವಣದಿಂದ ಮೂಡಣದವರೆಗೆ, ಕತ್ತು ತಿರುಗಿಸಿದಷ್ಟೂ ಬೆಟ್ಟ. ಕೆಳಗಿನ ಬಯಲು ಇನ್ನೂ ಕತ್ತಲು, ಅದರ ಮೇಲೊಂದು ತೆಳು ಮಂಜಿನ ಪದರ, ಅದರ ಮೇಲೆ ಬುಡವೇ ಇಲ್ಲದೆ ನಿಂತ ಹಿಮ. ಅವನು ನೋಡುತ್ತಿದ್ದಂತೆ ಎಡಗಡೆಯ ಒಂದು ತುದಿಗೆ ಕೆಂಪು ಹತ್ತಿತು. ನಂತರ ಇನ್ನೊಂದು. ಯಾವ ಸದ್ದೂ ಇಲ್ಲದೆ ಕೆಂಪು ಒಂದರಿಂದೊಂದಕ್ಕೆ ದಾಟಿಕೊಂಡು ಬಂತು. ಎವರಿಸ್ತೊನ ಕೈ ತಾನಾಗಿ ಟೊಪ್ಪಿಗೆ ತೆಗೆಯಿತು. ಅರವತ್ತಾರು ವರ್ಷ ಇದರ ಎದುರಿಗೇ ಬಾಳಿದ್ದೆನಲ್ಲ ಎಂದು ಅವನಿಗೆ ಹೆದರಿಕೆಯೂ ಆಯಿತು, ನಾಚಿಕೆಯೂ ಆಯಿತು.

“ಇದು... ಯಾವಾಗಿಂದ ಹೀಗೆ?” ಅಂದ.

“ನಿಮ್ಮಜ್ಜ ಹುಟ್ಟೋಕೆ ಸ್ವಲ್ಪ ಮುಂಚಿಂದ,” ಅಂದಳು ವಿಲ್ಮಾ. ಆಮೇಲೆ ಬೆರಳು ಎತ್ತಿ ಒಂದೊಂದನ್ನೇ ತೋರಿಸಿದಳು. “ಅಗೋ ಎಡತುದೀಲಿ ಒಂಟಿಯಾಗಿರೋದು ಮೊನ್ವೀಸೊ. ಆ ಅಗಲದ್ದು ರೋಸಾ. ಅದು ದಿಸ್‌ಗ್ರಾತ್ಸಿಯಾ. ನೇರ ಎದುರಿಗೆ ಅದಮೆಲ್ಲೊ. ಬಲಗಡೆ ಕೊನೇಲಿ ಬಾಲ್ದೊ, ಅದರಾಚೆ ಗಾರ್ದಾ ಸರೋವರ.” ನೆಂಟರ ಮಕ್ಕಳ ಹೆಸರು ಹೇಳುವವರ ಸಲೀಸು ಅವಳ ದನಿಯಲ್ಲಿತ್ತು.

“ನಿಂಗೆ ಹೆಂಗೆ ಗೊತ್ತು?”

“ಗಾಳಿ ಬೀಸಿದ ಪ್ರತಿ ಬೆಳಿಗ್ಗೆ ಇಲ್ಲಿಗೆ ಬರ್ತೀನಿ. ಮದುವೆ ಆದ ವರ್ಷದಿಂದ.”

“ಬ್ರೆಡ್ ತರೋಕೆ ಹೋಗ್ತಿದ್ದೀಯ ಅಂದ್ಕೊಂಡಿದ್ದೆ.”

“ಬ್ರೆಡ್ಡೂ ತರ್ತಿದ್ದೆ.”

ಎವರಿಸ್ತೊ ಹೆಂಡತಿಯನ್ನು ನೋಡಿದ. ಚಳಿಗೆ ಕೆಂಪಾದ ಮೂಗು, ಗಂಡಸರ ಹಳೇ ಕೋಟು. ಬೆಟ್ಟಗಳಷ್ಟೇ ಇವಳೂ ತನಗೆ ಹೊಸಬಳು ಅನ್ನಿಸಿತು.

“ನನ್ನ ಯೋಜನೆ ಹಾಳೆ ಮೇಲಿಲ್ಲ,” ವಿಲ್ಮಾ ಹೇಳಿದಳು. “ಎಡದಿಂದ ಬಲಕ್ಕೆ. ಒಂದೊಂದರ ಬುಡದಲ್ಲಿ ಮೂರು ರಾತ್ರಿ. ಇಲ್ಲಿಂದ ಇವಕ್ಕೆ ಬುಡಾನೇ ಕಾಣಲ್ಲ ನೋಡು. ಬುಡ ನೋಡ್ಬೇಕು ನಂಗೆ.”

“ದೂರದ ಬೆಟ್ಟ ನುಣ್ಣಗೆ, ವಿಲ್ಮಾ.”

“ನುಣ್ಣಗಿದ್ಯೋ ಒರಟಾಗಿದ್ಯೋ, ಹತ್ರ ಹೋದೋರಿಗೆ ಗೊತ್ತಾಗೋದು. ಮೊನ್ವೀಸೊ ಬುಡದ ಸಲುತ್ಸೊ ಊರಲ್ಲಿ ಒಬ್ಬ ಹೆಂಗಸಿನ ಹತ್ರ ರೂಮು ಹೇಳಿದೀನಿ. ಜನವರಿ ಹತ್ತರಿಂದ. ನಾನಂತೂ ಹೋಗ್ತೀನಿ.” ಅವನ ಕಡೆ ನೋಡದೆ ಅಂದಳು: “ಬೆಟ್ಟ ನಾನೊಬ್ಳೇ ನೋಡಿ ನೋಡಿ ಅಭ್ಯಾಸ ಆಗಿದೆ. ನಿನ್ನ ಕರೀತಿರೋದು ಅದಕ್ಕಲ್ಲ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ನೀನಿದ್ದ ಒಂದು ಬೆಳಿಗ್ಗೆ ನೆನಪು ಮಾಡ್ಕೊಳ್ಳೋಣ ಅಂದ್ರೆ ಒಂದೂ ಇಲ್ಲ. ಯಾವಾಗ ಕೈ ಚಾಚಿದ್ರೂ ಆ ಕಡೆ ತಣ್ಣಗಿರತ್ತೆ. ಕೆಲಸ ಬಿಟ್ಟ ಮೇಲೂ.”

ಎವರಿಸ್ತೊ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದ. “ನಂಗೆ ಭಯ ಆಗತ್ತೆ,” ಅಂದ. “ಮೂರೂವರೆಗೆ ಎಚ್ಚರ ಆಗತ್ತೆ. ಬೇರೆ ಊರಲ್ಲಿ ಎದ್ದು ಏನು ಮಾಡ್ಲಿ?”

“ಏನೂ ಮಾಡ್ಬೇಡ.”

“ಅದು ಬರಲ್ಲ ನಂಗೆ. ಯಾರೂ ಕಲಿಸಿಲ್ಲ.”

ವಿಲ್ಮಾ ಸೈಕಲ್ಲು ತಿರುಗಿಸಿದಳು. ಅಷ್ಟರಲ್ಲಿ ಕೆಂಪೆಲ್ಲ ಹೋಗಿ ಬೆಟ್ಟಗಳು ಬೆಳ್ಳಗಾಗಿದ್ದವು.

ಜನವರಿ ಹತ್ತರಂದು ಹತ್ತಿರದ ಬುಸ್ಸೆತೊ ಸ್ಟೇಷನ್ನಿನಲ್ಲಿ ಇಬ್ಬರೂ ರೈಲು ಹತ್ತಿದರು. ಪ್ರತಿ ರೈಲೂ ಪ್ರತಿ ಹಳ್ಳಿಯಲ್ಲೂ ನಿಂತು ನಿಂತು ಹೋಯಿತು. ಪಿಯಚೆಂತ್ಸಾ ದಾಟಿದ ಮೇಲೆ ಎವರಿಸ್ತೊ ಗಡಿಯಾರ ನೋಡಿದ. ಈಗ ಇಳಿದು ತಿರುಗಿದರೂ ಸಂಜೆಗೆ ಮನೆ. ತೊರಿನೊದಲ್ಲಿ ರೈಲು ಬದಲಿಸುವಾಗ ಮತ್ತೆ ನೋಡಿದ, ಇನ್ನೂ ಆಗುತ್ತಿತ್ತು. ಸಲುತ್ಸೊ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು, ಬೆಟ್ಟ ಕಾಣಲಿಲ್ಲ. ರೂಮಿನ ಒಡತಿ ಬಿಸಿ ಸೂಪು ಕೊಟ್ಟು, ಕಿಟಕಿ ಗಾಜಿನ ಹೊರಗಿನ ಕದ ತೆರೆದೇ ಇಡಿ, ಬೆಳಿಗ್ಗೆ ಮೊನ್ವೀಸೊ ಮಂಚಕ್ಕೇ ಕಾಣುತ್ತದೆ ಎಂದಳು.

ಎಂದಿನ ಹೊತ್ತಿಗೆ ಅವನಿಗೆ ಎಚ್ಚರವಾಯಿತು. ತಲೆಗೆ ತಿಳಿಯುವ ಮೊದಲೇ ಕಾಲು ಮಂಚದಿಂದ ಕೆಳಗೆ ಇಳಿದಿತ್ತು. ಅಂಗಾಲಿಗೆ ಕಲ್ಲಿನ ನೆಲ ಸೋಕಿತು. ಪಕ್ಕದಲ್ಲಿ ವಿಲ್ಮಾ ಅವನ ಕಡೆಗೆ ಮುಖ ಮಾಡಿ ಮಲಗಿದ್ದಳು. ಎವರಿಸ್ತೊ ಕಾಲನ್ನು ಒಂದೊಂದಾಗಿ ಒಳಗೆಳೆದುಕೊಂಡು, ಅವಳ ಕಡೆ ತಿರುಗಿ, ಹಂಡೆಯಲ್ಲಿ ಹಾಲು ಹೆಪ್ಪುಗಟ್ಟುವಾಗ ಪಕ್ಕದಲ್ಲಿ ನಿಲ್ಲುವ ಹಾಗೆ ಅಲುಗಾಡದೆ ಮಲಗಿದ.

ಹೊರಗೆ ಬೆಳಕು ಬರಲು ಬಹಳ ಹೊತ್ತು ಹಿಡಿಯಿತು. ಬೆಳಕು ಅವನ ಬೆನ್ನ ಹಿಂದಿನ ಕಿಟಕಿಯಿಂದ ಬಂತು. ಮೊದಲು ವಿಲ್ಮಾಳ ಹಣೆಗೆ ಬಿತ್ತು, ಆಮೇಲೆ ಮೂಗಿನ ತುದಿಗೆ, ಆಮೇಲೆ ಕೆನ್ನೆಗೆ. ನಿದ್ದೆಯಲ್ಲಿ ಅವಳ ಬಾಯಿ ತುಸು ತೆರೆದಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ರೆಪ್ಪೆಗೂದಲು ಬೆಳ್ಳಗಾಗಿದೆ ಎಂಬುದೂ ಗೊತ್ತಿರಲಿಲ್ಲ. ಅವನು ಉಸಿರು ಬಿಗಿಹಿಡಿದು ನೋಡಿದ.

ಎಂಟು ಹೊಡೆಯುವ ಹೊತ್ತಿಗೆ ವಿಲ್ಮಾಳ ಕೈ ಹಾಸಿಗೆಯ ಮೇಲೆ ಚಾಚಿಕೊಂಡು ಬಂದು ಅವನ ಎದೆಗೆ ತಗುಲಿ ನಿಂತಿತು. ಅವಳು ಕಣ್ಣು ಬಿಟ್ಟಳು.

“ಯಾವಾಗ ಎಚ್ಚರ ಆಯ್ತು?” ಅಂದಳು.

“ಮೂರೂವರೆಗೆ.”

“ಆಗಿಂದ ಹೀಗೇ ಇದೀಯಾ?”

“ಹೂಂ.”

ವಿಲ್ಮಾ ಅವನ ಭುಜದ ಮೇಲಿಂದ ಕಿಟಕಿಯ ಕಡೆ ಕಣ್ಣು ಹಾಯಿಸಿದಳು. “ನಿನ್ನ ಬೆನ್ನ ಹಿಂದೆ ಬೆಟ್ಟ ಪೂರ್ತಿ ಕಾಣ್ತಾ ಇದೆ. ನೋಡಿದ್ಯಾ?”

“ಇಲ್ಲ. ತಿರುಗಿದ್ರೆ ಮಂಚ ಕಿರುಗುಟ್ಟತ್ತೆ,” ಅಂದ ಎವರಿಸ್ತೊ. “ನಾಳೆ ನೋಡ್ತೀನಿ.”