ಹಾಲಿನ ಬೋಗುಣಿಯ ಮುಚ್ಚಳ

ಮಾಲವ್ವನ ಬಾಯಿಗೆ ಹೆದರದವರು ದಾಂಡೇಲಿಯ ಮಿಲ್ಲಿನ ಕ್ವಾರ್ಟರ್ಸ್ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ಗಂಡ ಉಳವಪ್ಪ ಕಾಗದದ ಮಿಲ್ಲಿನಲ್ಲಿ ಪಾಳಿ ದುಡಿದರೆ, ಇವಳು ಹಿತ್ತಿಲಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಇಡೀ ಸಾಲಿಗೆ ಹಾಲು ಹಾಕುತ್ತಿದ್ದಳು. ಎಮ್ಮೆಗೆ ಬೈಯುತ್ತಾ ಹಿಂಡುತ್ತಿದ್ದಳು, ಗಿರಾಕಿಗಳಿಗೆ ಬೈಯುತ್ತಾ ಅಳೆದು ಕೊಡುತ್ತಿದ್ದಳು, ಕೊಟ್ಟ ಮೇಲೆ ಒಂದು ಸೌಟು ಹೆಚ್ಚಿಗೆ ಸುರಿದು ಅದಕ್ಕೂ ಬೈಯುತ್ತಿದ್ದಳು. ಮಾಲವ್ವನ ಬೈಗುಳ ಕಿವಿಗೆ ಬೀಳದಿದ್ದರೆ ಆ ಎಮ್ಮೆಗಳು ಹಾಲೇ ಇಳಿಸುವುದಿಲ್ಲ ಎಂದು ಸಾಲಿನವರು ನಗುತ್ತಿದ್ದರು.

ಇಂಥವಳ ಮನೆಗೆ ಮುಂಡಗೋಡದ ಕಡೆಯ ಮಳಗಿಯಿಂದ ಸೊಸೆಯಾಗಿ ಬಂದವಳು ಜ್ಯೋತಿ. ತವರಿನಲ್ಲಿ ಗಟ್ಟಿಯಾಗಿ ಮಾತಾಡುವವರೇ ಇರಲಿಲ್ಲ. ಇಲ್ಲಿ ಬಂದ ಮಾರನೆಯ ದಿನವೇ ಹಾಲು ಕಾಸಿ, ಮುಚ್ಚಳ ಹಾಕುವುದನ್ನು ಮರೆತಳು. ಕ್ವಾರ್ಟರ್ಸಿನ ಕಳ್ಳಬೆಕ್ಕು ಬಂದು ಕೆನೆಯನ್ನೆಲ್ಲ ನೆಕ್ಕಿ ಹೋಯಿತು. ಹಾಲು ಮಾರುವವಳಿಗೆ ತೆರೆದಿಟ್ಟ ಹಾಲಿನಂಥ ಪಾಪ ಇನ್ನೊಂದಿಲ್ಲ. ಅಂದಿನಿಂದ ದಿನಾ ಸಂಜೆ, ಜ್ಯೋತಿ ಮುಚ್ಚಿರಲಿ ಬಿಟ್ಟಿರಲಿ, ಅತ್ತೆಯ ದನಿ ಹಿತ್ತಿಲಿಂದ ಬಂದೇ ಬರುತ್ತಿತ್ತು.

"ಜ್ಯೋತಿ, ಹಾಲ ಮುಚ್ಚೀ ಏನ?"

"ಮುಚ್ಚೇನ್ರಿ ಅತ್ತಿ."

ಈ ಮನೆ ಒಂದು ದಿನ ಸುಮ್ಮನಿದ್ದರೆ ಎಷ್ಟು ಚೆನ್ನ ಎಂದು ಜ್ಯೋತಿ ಆಗ ಎಷ್ಟೋ ಸಲ ಅಂದುಕೊಂಡದ್ದುಂಟು. ಯಾವ ಸೊಸೆ ಅಂದುಕೊಂಡಿಲ್ಲ?

ಉಳವಪ್ಪ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು, ಎಮ್ಮೆ ಮಾರಬೇಕಾಯಿತು. ಮಗ ರೋಹಿತ ಹಳಿಯಾಳದ ರಸ್ತೆಗೆ ಎದ್ದ ಹೊಸ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಂದು ಫ್ಲ್ಯಾಟು ಹಿಡಿದ. ಹಿತ್ತಿಲಿಲ್ಲದ ಮನೆಯಲ್ಲಿ ಮಾಲವ್ವ ಆರು ತಿಂಗಳು ಗೋಡೆಗೂ ನಲ್ಲಿಗೂ ಬೈಯುತ್ತಾ ಕಾಲ ಕಳೆದಳು. ಆಮೇಲೆ ದೀಪಾವಳಿ ಕಳೆದ ಒಂದು ಮುಂಜಾನೆ ಲಕ್ವಾ ಹೊಡೆಯಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಮರಳಿ ಬರುವಾಗ ಕಾಲು ಅಷ್ಟಿಷ್ಟು ಎಳೆದು ನಡೆಯುವಂತಾಗಿತ್ತು, ಬಲಗೈ ಸೋತಿತ್ತು, ಮಾತು ಪೂರಾ ಹೋಗಿತ್ತು. ಉಳಿದದ್ದು ಒಂದೇ "ಹಾಂ." ಹಸಿವಿಗೂ ಹಾಂ, ನೀರಡಿಕೆಗೂ ಹಾಂ, ಸಿಟ್ಟಿಗೂ ಅದೇ ಹಾಂ.

ಬೇಡಿದ್ದ ಮೌನ ಹೀಗೆ ಸಿಕ್ಕಿತು. ಸಿಕ್ಕ ಮೇಲೆ ಜ್ಯೋತಿಗೆ ಅದು ಬೇಡವಾಯಿತು. ಸಂಜೆ ಹಾಲು ಕಾಸುವ ಹೊತ್ತಿಗೆ ಅವಳ ಕಿವಿ ತಾನಾಗಿ ಅತ್ತೆಯ ದನಿಗೆ ಕಾಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಇವಳ ಕೈಯನ್ನೇ ನೋಡುತ್ತಿದ್ದಳು. ಆ ಕಣ್ಣೊಳಗೆ ಹೇಳಬೇಕಾದದ್ದು ರಾಶಿ ಬಿದ್ದಿದೆ ಎಂದು ಜ್ಯೋತಿಗೆ ಕಾಣುತ್ತಿತ್ತು.

"ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ. ಈಗ ನಿಂದ ಕಾಲ ಬಿಡವಾ," ಎಂದಳು ಕೆಳಗಿನ ಮನೆಯ ಪೂರ್ಣಿಮಾ, ಸಮಾಧಾನಕ್ಕೆಂದೇ. ಜ್ಯೋತಿಗೆ ಆ ಮಾತು ಒಂದಿಷ್ಟೂ ಸೇರಲಿಲ್ಲ.

ಹುಬ್ಬಳ್ಳಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. "ಅವರಿಗೆ ಎಲ್ಲಾ ತಿಳಿತೈತ್ರಿ. ಮಾತು ಒಳಗ ಐತಿ, ಹೊರಗ ಬರೂ ದಾರಿ ಕಟ್ಟೈತಿ. ಈ ನಾಕಾರು ತಿಂಗಳಾ ಭಾಳ ಮುಖ್ಯ. ಈಗ ಬಾಯಿ ಸುಮ್ಮನ ಕುಂತ್ರ ಮುಂದ ಬರೂದು ಕಷ್ಟ." ಎಮ್ಮೆಯ ಕಥೆ ಕೇಳಿದ ಮೇಲೆ ಇನ್ನೊಂದು ಮಾತು ಸೇರಿಸಿದಳು. "ಹಂಗಾದ್ರ ಒಂದು ಜೀವಾ ಸಾಕ್ರಿ. ಫ್ಲ್ಯಾಟಿಗೆ ಹೊಂದೂವಂಥಾದ್ದು ನೋಡ್ರಿ. ಮನಸ್ಸು ಅರಳಿದ್ರ ಬಾಯೀನೂ ಅರಳಬಹುದು."

ಕೇಳದೆಯೂ ಸಿಗುವ ವಸ್ತು ಲೋಕದಲ್ಲಿ ಒಂದೇ, ಅದು ಸಲಹೆ. ರೋಹಿತನಿಗೆ ನಾಯಿ ಬೇಕಿತ್ತು. ಕಟ್ಟಡದ ಸೆಕ್ರೆಟರಿ ಮಹಾಬಳೇಶ್ವರ ಜೊಯಿಡಾ ಕಡೆಯವರು, ದನಿ ಮೆತ್ತಗೆ, ನಿಯಮ ಗಟ್ಟಿ. "ನಾಯಿ ಮಾತ್ರ ಬೇಡ್ರಿ ರೋಹಿತ. ಮೆಟ್ಟಿಲ ಮೇಲೆ ಗಲೀಜು, ರಾತ್ರಿ ಬೊಗಳಾಟ. ಎಲ್ಲರೂ ಸೇರಿ ಮಾಡಿದ ನಿಯಮ," ಎಂದು ಕೈ ಮುಗಿದರು. ಮೊಲ ವೈರು ಕಡಿಯುತ್ತದೆ ಎಂದರು ಒಬ್ಬರು. ಗಿಳಿ ಸಾಕಿದರೆ ಫಾರೆಸ್ಟಿನವರು ಹಿಡಿಯುತ್ತಾರೆ ಎಂದರು ಇನ್ನೊಬ್ಬರು. ಕೊನೆಗೆ ಪೂರ್ಣಿಮಾ ತೀರ್ಪು ಕೊಟ್ಟಳು. "ಮೀನ ತರ್ರಿ. ಸಪ್ಪಳಿಲ್ಲ, ಕೂದಲಿಲ್ಲ, ಯಾರ ತಂಟೀಗೂ ಹೋಗೂದಿಲ್ಲ. ಫ್ಲ್ಯಾಟಿಗಂತನ ದೇವರು ಮಾಡಿದ ಜೀವ."

ಎಲ್ಲರಿಗೂ ಒಪ್ಪಿಗೆಯಾಯಿತು. ಹುಬ್ಬಳ್ಳಿಗೆ ತೋರಿಸಲು ಹೋದಾಗ ಗಾಜಿನ ತೊಟ್ಟಿ, ಬಣ್ಣದ ಹರಳು, ಕಿತ್ತಳೆ ಬಣ್ಣದ ಮೀನುಗಳು ಬಂದವು. ಅತ್ತೆಯ ಕುರ್ಚಿಯ ಎದುರಿಗೇ ತೊಟ್ಟಿಯನ್ನಿಟ್ಟರು. ಮಾಲವ್ವ ಇಡೀ ದಿನ ಅದರ ಮೇಲಿನ ಕಣ್ಣು ಕೀಳಲಿಲ್ಲ. ಔಷಧ ಹತ್ತಿತು ಎಂದು ಜ್ಯೋತಿ ಹಿಗ್ಗಿದಳು.

ಸಂಜೆ ದೀಪ ಹಚ್ಚಲು ಬಂದವಳು ಅಲ್ಲೇ ನಿಂತಳು. ಗಾಜಿನ ಆಚೆ ಮೀನು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಈಚೆ ಮಾಲವ್ವನೂ ಅದನ್ನೇ ನೋಡುತ್ತಾ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಎರಡೂ ಕಡೆ ಸದ್ದಿಲ್ಲ. ಮುದುಕಿಯ ಕೆನ್ನೆ ಒದ್ದೆಯಾಗಿತ್ತು.

ಮಾತು ಹೋದವಳ ಮುಂದೆ ಮಾತಿಲ್ಲದ ಜೀವ ತಂದಿಟ್ಟ ತಮ್ಮ ಜಾಣತನಕ್ಕೆ ಜ್ಯೋತಿಗೇ ಹೇಸಿಗೆ ಬಂತು. ಆ ಕ್ಷಣವೇ ತೊಟ್ಟಿ ಎತ್ತಿಕೊಂಡು, ನೀರು ಸೀರೆಗೆಲ್ಲ ತುಳುಕುತ್ತಿದ್ದರೂ ಬಿಡದೆ, ಕೆಳಗಿಳಿದು ಪೂರ್ಣಿಮಾಳ ಮನೆಯಲ್ಲಿ ಇಟ್ಟು ಬಂದಳು. "ನಿಮಗ ಇರಲಿ ಅಕ್ಕಾ, ನಮಗ ಹೊಂದಲಿಲ್ಲ" ಎಂದಷ್ಟೇ ಹೇಳಿದಳು.

ಮುಂದೆ ರೋಹಿತ ಹಳಿಯಾಳದ ಗೆಳೆಯನ ಮನೆಯಿಂದ ಒಂದು ಜೋಡಿ ಲವ್‌ಬರ್ಡ್ಸ್ ತಂದ. ಮೀನಿನ ತಪ್ಪು ತಿದ್ದಿದಂತಾಯಿತು ಅಂದುಕೊಂಡ. ತಿದ್ದಿದ್ದು ಅತಿಯಾಯಿತು. ಬೆಳಗಾದರೆ ಶುರುವಾದ ಕಿಚಿಪಿಚಿ ದೀಪ ಆರಿಸುವವರೆಗೆ ನಿಲ್ಲುತ್ತಿರಲಿಲ್ಲ. ಆ ಎರಡೂ ತಮ್ಮ ತಮ್ಮಲ್ಲೇ ಹರಟೆ ಹೊಡೆದುಕೊಂಡಿದ್ದವು, ಮಾಲವ್ವ ಇದ್ದರೂ ಅಷ್ಟೇ ಬಿಟ್ಟರೂ ಅಷ್ಟೇ. ಮೂರನೆಯ ದಿನ ಮುದುಕಿ ಎಡಗೈಯಲ್ಲಿ ಟವೆಲು ಎಳೆದು ಪಂಜರದ ಮೇಲೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

"ಬಿಡು ಜ್ಯೋತಿ," ಎಂದ ರೋಹಿತ ಪಂಜರ ವಾಪಸು ಕೊಂಡೊಯ್ಯುವಾಗ. "ನಮ್ಮವ್ವಗ ಬೇಕಾಗಿದ್ದು ಎಮ್ಮಿ. ಎರಡನೇ ಮಜಲಿಗೆ ಎಮ್ಮಿ ಹೆಂಗ ಏರಿಸೂದು?"

ನಗಿಸಲು ಹೇಳಿದ ಮಾತು, ಹೇಳಿದವನಿಗೇ ನಗು ಬರಲಿಲ್ಲ. ತಿಂಗಳುಗಳು ಜಾರುತ್ತಿದ್ದವು.

ಸಂಕ್ರಾಂತಿ ಮುಗಿದ ಮೇಲಿನ ಒಂದು ದಿನ ಜ್ಯೋತಿ ಹಾಲು ಕಾಸಿ ಕಿಟಕಿಯ ಬದಿಗೆ ಕಟ್ಟೆಯ ಮೇಲಿಟ್ಟು, ಒಣಗಿದ ಬಟ್ಟೆ ತರಲು ಕಟ್ಟಡದ ಮೇಲಿನ ಗಚ್ಚಿಗೆ ಹೋದಳು. ಅರ್ಧ ಬಟ್ಟೆ ತೆಗೆದಿದ್ದಳೋ ಇಲ್ಲವೋ, ಕೆಳಗಿನಿಂದ ಒಂದು ದನಿ ಮೆಟ್ಟಿಲ ಸಾಲೆಲ್ಲ ತುಂಬಿಕೊಂಡು ಮೇಲೆ ಬಂತು.

"ಹೆಣಾ ಎತ್ತಲಿ ನಿಂದು!"

ಜ್ಯೋತಿಯ ಕೈಯ ಬಟ್ಟೆ ನೆಲಕ್ಕೆ ಬಿತ್ತು. ಟೀವಿಯೇ ಇರಬೇಕು ಅಂದುಕೊಂಡಳು, ಟೀವಿ ಹಚ್ಚಿರಲಿಲ್ಲ ಎಂದು ನೆನಪಾಯಿತು. ಓಡಿ ಬಂದು ನೋಡಿದರೆ ಕಿಟಕಿಯ ಹಲಗೆಯ ಮೇಲೆ ಕಿವಿ ಹರಿದ ಒಂದು ಬೂದು ಬೆಕ್ಕು ಮೀಸೆ ನೆಕ್ಕಿಕೊಳ್ಳುತ್ತಾ ಕೂತಿತ್ತು. ಬೋಗುಣಿಗೆ ಮುಚ್ಚಳವಿರಲಿಲ್ಲ, ಕೆನೆಯೂ ಇರಲಿಲ್ಲ. ಮಾಲವ್ವ ಕುರ್ಚಿಯಿಂದ ಅರ್ಧ ಎದ್ದು, ಎಡಗೈಯಲ್ಲಿ ಊರುಗೋಲು ಎತ್ತಿ ಹಿಡಿದಿದ್ದಳು. ಮುಖ ಕೆಂಪಗಾಗಿತ್ತು, ಕ್ವಾರ್ಟರ್ಸಿನ ಕಾಲದ ಮುಖ.

"ಅತ್ತಿ, ಏನಂದ್ರಿ? ಇನ್ನೊಮ್ಮೆ ಅನ್ರಿ."

ಮಾಲವ್ವ ಸೊಸೆಯ ಕಡೆ ತಿರುಗಿದಳು. ತುಟಿ ಅಲುಗಾಡಿತು. "ಹಾಂ," ಎಂದಳು.

ಆದರೂ ಜ್ಯೋತಿ ನೆಲದ ಮೇಲೆ ಕೂತು ಅತ್ತೆಯ ಮೊಣಕಾಲು ಹಿಡಿದು ಅತ್ತಳು, ಅಳುತ್ತಲೇ ನಕ್ಕಳು. ಕೆಲಸ ಮುಗಿಸಿ ಬಂದ ರೋಹಿತ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು, "ಅವ್ವ ಬೈದ್ಲಾ? ಖರೇ ಬೈದ್ಲಾ?" ಎಂದು ಮತ್ತೆ ಮತ್ತೆ ಕೇಳಿದ. ಹೆಣ ಎತ್ತುವ ಮಾತು ಕೇಳಿ ಸಕ್ಕರೆ ಹಂಚಿದ ಮನೆ ದಾಂಡೇಲಿಯಲ್ಲಿ ಅದೊಂದೇ ಇರಬೇಕು.

ಫೋನಿನಲ್ಲಿ ಡಾಕ್ಟರಮ್ಮನಿಗೂ ಸಂತೋಷವಾಯಿತು, ಆದರೆ ಅವಳು ಎಚ್ಚರಿಕೆಯನ್ನೂ ಹೇಳಿದಳು. "ಬೈಗಳ, ದೇವರ ನಾಮ, ಹಾಡು, ಇವು ರೂಢಿ ಮ್ಯಾಲ ತಾವ ಜಿಗಿದು ಬರ್ತಾವ್ರಿ. ಒಂದು ಮಾತು ಬೇಕಂತ ಹುಡುಕಿ, ಒಬ್ಬರಿಗೆ ಅಂತ ಹೇಳಿದ್ರ ಅದು ಮಾತು. ಅದು ಇನ್ನೂ ಬರಬೇಕು. ಬೆಕ್ಕು ಬರಲಿ ಬಿಡ್ರಿ."

ಬರಲಿ ಬಿಡುವುದೇನು, ಜ್ಯೋತಿ ಅದಕ್ಕೆ ದಾರಿಯನ್ನೇ ಮಾಡಿದಳು. ಮನೆಯ ಹಾಲನ್ನು ಫ್ರಿಜ್ಜಿನಲ್ಲಿಟ್ಟು, ಬೋಗುಣಿಯಲ್ಲಿ ಒಂದಿಷ್ಟು ಉಳಿಸಿ, ಮುಚ್ಚಳ ಮರೆತಂತೆ ಮಾಡಿ, ಕಿಟಕಿ ತೆರೆದಿಟ್ಟು ಬದಿಗೆ ಸರಿಯುತ್ತಿದ್ದಳು. ಸಂಜೆ ಮಿಲ್ಲಿನಲ್ಲಿ ಪಾಳಿ ಬಿಡುವ ಭೋಂಗಾ ಕೂಗಿದ ಮೇಲೆ ಬೆಕ್ಕು ನೀರಿನ ಪೈಪು ಹಿಡಿದು ಹತ್ತಿ ಬರುತ್ತಿತ್ತು. ಮಾಲವ್ವ ಅದನ್ನು, ಅದರ ತಾಯಿಯನ್ನು, ಅದು ಮುಂದೆ ಹಾಕಲಿರುವ ಮರಿಗಳನ್ನು ಸೇರಿಸಿ ಬೈಯುತ್ತಿದ್ದಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ತನ್ನನ್ನು ಯಾರೂ ನೋಡಲಿಲ್ಲ ಅಂದುಕೊಳ್ಳುತ್ತದಂತೆ. ಈ ಮನೆಯಲ್ಲಿ ಹಾಗೆ ಅಂದುಕೊಂಡವಳು ಜ್ಯೋತಿ.

ಮಹಾಬಳೇಶ್ವರರು ಮೆಟ್ಟಿಲ ಮೇಲೆ ಅವಳನ್ನು ತಡೆದು ಕೇಳಿದರು. "ದಿನಾ ಸಂಜೆ ಮೇಲೆ ಜಗಳ ಕೇಳ್ತದಲ್ಲ, ಏನದು?"

"ಜಗಳ ಅಲ್ರಿ. ನಮ್ಮತ್ತಿ ಬೆಕ್ಕಿಗೆ ಬೈಯಾಕತ್ತಾರ."

"ಬೆಕ್ಕು ಸಾಕಿದ್ರಾ?"

"ಸಾಕಿಲ್ರಿ. ಅದು ಕದಿಯಾಕ ಬರ್ತೈತಿ."

ಅವರು ತಲೆ ಕೆರೆದುಕೊಂಡರು. ಸಾಕಬಾರದ ಪ್ರಾಣಿಗಳ ಬಗ್ಗೆ ನಿಯಮವಿತ್ತು, ಕದಿಯುವವುಗಳ ಬಗ್ಗೆ ಇರಲಿಲ್ಲ. "ಮಾಲವ್ವ ಮಾತಾಡ್ತಾರೆ ಅಂದ ಹಾಗಾಯ್ತು. ಬೈಲಿ ಬಿಡಿ," ಎಂದು ಕೆಳಗಿಳಿದು ಹೋದರು. ಒಳ್ಳೆಯ ಮನುಷ್ಯ.

ಆದರೆ ವಾರಗಳು ಕಳೆದರೂ ಮಾತು ಬೆಕ್ಕಿನಿಂದಾಚೆಗೆ ದಾಟಲಿಲ್ಲ. ಸೊಸೆಯ ಪಾಲಿಗೆ ಅದೇ ಹಾಂ. ಬೇರೆಯವರಿಗೆ ಹೇಳಿದರೆ ನಕ್ಕಾರು, ಜ್ಯೋತಿಗೆ ಆ ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. "ಒಮ್ಮೆ ನನಗೂ ಹಂಗ ಬೈದಿದ್ರ ಸಾಕಿತ್ತು," ಎಂದಳು ಗಂಡನ ಹತ್ತಿರ. "ನೀನೂ ಹಾಲ ಕದ್ದು ಕುಡಿ," ಎಂದ ಅವನು. ಅವಳು ನಗಲಿಲ್ಲ. ಹೆಸರು ಹಿಡಿದು ಕರೆಸಿಕೊಳ್ಳುವ ಆಸೆ ಅವಳನ್ನು ನಿಜವಾಗಿ ನೋಯಿಸುತ್ತಿತ್ತು.

ಹೋಳಿಯ ಮುಂಚಿನ ಒಂದು ಸಂಜೆ ಮಳಗಿಯಿಂದ ನೆಂಟರು ಬರುವವರಿದ್ದರು. ಜ್ಯೋತಿ ಅವಸರದಲ್ಲಿ ಪಲ್ಯಕ್ಕಿಟ್ಟು, ಹಾಲು ಕಾಸಿ ಇಳಿಸಿದಳು. ಅತ್ತೆ ವರ್ಷಗಟ್ಟಲೆ ಕಲಿಸಿದ ಪಾಠ ಕೈಯಲ್ಲಿ ಕೂತುಬಿಟ್ಟಿತ್ತು. ಯೋಚನೆಯಿಲ್ಲದೆ ಕೈ ಮುಚ್ಚಳ ಎತ್ತಿ ಬೋಗುಣಿಯ ಮೇಲೆ ಹಾಕಿತು. ಅದರ ಮೇಲೊಂದು ಭಾರದ ಸೌಟನ್ನೂ ಇಟ್ಟು, ಬೆನ್ನು ತಿರುಗಿಸಿ ಕೂತು ರೊಟ್ಟಿ ಬಡಿಯತೊಡಗಿದಳು.

ಭೋಂಗಾ ಕೂಗಿತು. ಬೆಕ್ಕು ಬಂದ ಸಪ್ಪಳವಾಯಿತು. ಸೌಟು ಒಮ್ಮೆ ಅಲುಗಾಡಿತು, ಮುಚ್ಚಳ ಮಾತ್ರ ಜಗ್ಗಲಿಲ್ಲ. ಬೆಕ್ಕು ಸಣ್ಣಗೆ ಒಮ್ಮೆ ಕೂಗಿ ಸುಮ್ಮನಾಯಿತು. ಬೈಗುಳ ಬರಲಿಲ್ಲ. ಆಗ ಜ್ಯೋತಿಗೆ ತನ್ನ ತಪ್ಪು ತಿಳಿಯಿತು. ಏಳಬೇಕು ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಒಂದು ಸದ್ದು.

"ಜ್ಯೋ..."

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ತಿರುಗಲಿಲ್ಲ. ತಿರುಗಿದರೆ ಎಲ್ಲಿ ಕಡಿದು ಹೋಗುತ್ತದೋ ಎಂದು ಹೆದರಿದಳು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು, ಸೀಯಲಿ ಎಂದು ಬಿಟ್ಟಳು. ಹಿಂದೆ ಮುದುಕಿ ಉಸಿರು ಎಳೆಯುತ್ತಿದ್ದಳು, ಆಳದ ಬಾವಿಯಿಂದ ತುಂಬಿದ ಕೊಡ ಎಳೆಯುವವರ ಹಾಗೆ.

"ಜ್ಯೋತಿ."

"ಏನ್ರಿ ಅತ್ತಿ?"

"ಮುಚ್ಚಳಾ... ಮುಚ್ಚಳಾ ತೆಗಿ."

ಜ್ಯೋತಿ ಎದ್ದಳು. ಮಾಲವ್ವ ಅವಳನ್ನೇ ನೋಡುತ್ತಿದ್ದಳು. ಕಟ್ಟೆಯ ಮೇಲೆ ಬೆಕ್ಕು ಇಬ್ಬರನ್ನೂ ನೋಡುತ್ತಿತ್ತು. ಮುದುಕಿಗೆ ಎಲ್ಲ ಗೊತ್ತಿತ್ತು. ಮುಚ್ಚಳ ಯಾರು ಮರೆಯುತ್ತಿದ್ದರು, ಯಾಕೆ ಮರೆಯುತ್ತಿದ್ದರು, ಮೊದಲಿನಿಂದಲೂ ಗೊತ್ತಿತ್ತು. ಹುಟ್ಟಿದಾಗಿನಿಂದ ಹಾಲು ಮುಚ್ಚಿಟ್ಟವಳು, ಮುಚ್ಚು ಎಂದು ಊರಿಗೆಲ್ಲ ಹೇಳಿದವಳು, ತೆಗೆ ಎಂಬ ಮಾತನ್ನು ಎಲ್ಲಿಂದಲೋ ಹುಡುಕಿ ತಂದು ಸೊಸೆಯ ಕೈಗೆ ಕೊಟ್ಟಿದ್ದಳು.

ಜ್ಯೋತಿ ಹಿಟ್ಟಿನ ಕೈಯಲ್ಲೇ ಸೌಟು ಸರಿಸಿ ಮುಚ್ಚಳ ತೆಗೆದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

"ತೆಗೆದೇನ್ರಿ ಅತ್ತಿ," ಎಂದಳು.

ಬೆಕ್ಕು ಹಾಲಿಗೆ ಬಾಯಿ ಹಾಕುವವರೆಗೆ ಮಾಲವ್ವ ಕಾದಳು. ಆಮೇಲೆ ಊರುಗೋಲು ಎತ್ತಿ, ಮನಸ್ಸು ತುಂಬುವ ಹಾಗೆ ಬೈದಳು.