ಬದುವಿನ ತಡಸಲು

ನನ್ನ ಗಂಡ ಶಿವನಂಜಪ್ಪನವರಿಗೆ ಮರದ ಹುಚ್ಚು. ಹಂಪಾಪುರದ ಸುತ್ತ ಯಾವ ಮರ ಕಂಡರೂ ಕೊಂಬೆ ಬಗ್ಗಿಸಿ ನೋಡುವುದೇ ಕೆಲಸ. ಹೊಂಗೆ ಸೀಳುತ್ತದೆ, ಸಿಲ್ವರ್ ಓಕ್ ಪಟ್ಟನೆ ಮುರಿಯುತ್ತದೆ, ಬಗ್ಗಿ ಮತ್ತೆ ನೆಟ್ಟಗಾಗುವುದು ತಡಸಲು ಮರವೊಂದೇ ಎಂದು ಊಟಕ್ಕೆ ಕೂತಾಗಲೂ ಪಾಠ. ಪಕ್ಕದ ಊರು ಹ್ಯಾಂಡ್‌ಪೋಸ್ಟ್‌ನಲ್ಲಿ ನಡೆಯುವ ಮರದ ಬಿಲ್ಲಿನ ಪಂದ್ಯಕ್ಕೆ ಮಗಳು ಶಿವಾನಿ ಹೆಸರು ಕೊಟ್ಟಿದ್ದಳು. ಅವಳಿಗೆಂದು ಇವರು ಆರಿಸಿದ್ದು ನಮ್ಮ ಹೊಲದ ಬದುವಿನ ತಡಸಲನ್ನು.

"ಬದಿನ ಮರ ಬಿಲ್ಲಿಗೆ ಬ್ಯಾಡ ಕಣ್ಲಾ," ಎಂದರು ಅತ್ತೆ.

"ಯಾಕವ್ವ?"

"ಯಾಕೋ ನಂಗೊತ್ತಿಲ್ಲ. ನಿಮ್ಮಪ್ಪ ಮುಟ್ತಿರನಿಲ್ಲ. ಬ್ಯಾಡ ಅಂದ್ರೆ ಬ್ಯಾಡ."

ಇವರು ನಕ್ಕರು. ನನಗೂ ನಗು ಬಂತು. ಅತ್ತೆಯ ಬಾಯಲ್ಲಿ ಎಲ್ಲದಕ್ಕೂ ಒಂದು ಬ್ಯಾಡ ಇದ್ದೇ ಇರುತ್ತದೆ.

ಮರ ಸೀಳುವಾಗ ಮಚ್ಚಿನ ಬಾಯಿ ಮುಕ್ಕಾಯಿತು. ಗಂಟಿರಬೇಕು ಎಂದು ಇವರು ಮತ್ತೆ ಮಸೆದುಕೊಂಡರು. ಅಟ್ಟದ ಮೇಲೆ ಒಣಗಿಸಿ ಕೆತ್ತಿದ ಮೇಲೆ, ಹಿಡಿಕೆಯ ಹತ್ತಿರ ಒಂದು ಕಪ್ಪು ಮಚ್ಚೆ ಎದ್ದಿತು. ಎಣ್ಣೆ ಉಜ್ಜಿದಷ್ಟೂ ಕಪ್ಪೇರಿತು. "ಬಿಲ್ಲಿಗೆ ದೃಷ್ಟಿಬೊಟ್ಟು ಕಣಮ್ಮ," ಎಂದು ಶಿವಾನಿ ಅದನ್ನು ಸವರಿದಳು. ನನಗೆ ಯಾಕೋ ಹಿಡಿಸಲಿಲ್ಲ. ಅದು ಎಲ್ಲೋ ನೋಡಿದ ಕಪ್ಪು. ಎಲ್ಲಿ ಎಂದು ಹೊಳೆಯಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬಾಡಿಸುತ್ತಿದ್ದೆ. ಕಾಯಿಗಳು ಕಪ್ಪಗಾದವು. ಅದೇ ಕಪ್ಪು! ಕಬ್ಬಿಣ ತಾಗಿದ ಕಪ್ಪು; ಹಾಗಾದರೆ ಬಿಲ್ಲಿನೊಳಗೂ ಕಬ್ಬಿಣವಿದೆ. ಹಂದಿ ಕಾಟಕ್ಕೆ ಬದುವಿನ ಮರಗಳಿಗೆ ಮೊಳೆ ಹೊಡೆದು ಬೇಲಿ ತಂತಿ ಬಿಗಿಯದವರು ನಮ್ಮ ಕಡೆ ಯಾರಿದ್ದಾರೆ? ತಂತಿ ಹೋಗುತ್ತದೆ, ಮೊಳೆಯನ್ನು ಮರ ನುಂಗಿ ಮೇಲೆ ತೊಗಟೆ ಮುಚ್ಚಿಕೊಳ್ಳುತ್ತದೆ.

ಒಲೆ ಹಾಗೇ ಬಿಟ್ಟು ಹಿತ್ತಲಿಗೆ ಓಡಿದೆ. ಶಿವಾನಿ ಹುಲ್ಲಿನ ಮೆದೆಗೆ ಗುರಿಯಿಟ್ಟು ಬಿಲ್ಲಿನ ಹೆದೆಯನ್ನು ಕೆನ್ನೆಯವರೆಗೆ ಎಳೆದಿದ್ದಳು.

"ಇನ್ನೊಂಚೂರು, ಮಗಳೇ," ಎನ್ನುತ್ತಿದ್ದರು ಇವರು.

"ಎಳೀಬ್ಯಾಡ ಕಣೇ!" ಎಂದು ಕಿರುಚಿದೆ.

ಅವಳು ಗಾಬರಿಯಿಂದ ನನ್ನ ಕಡೆ ಮುಖ ತಿರುಗಿಸಿದಳು. ಬಿಲ್ಲು ಚಟ್ಟೆಂದು ಮುರಿಯಿತು. ಸಿಡಿದ ಚೂರು ನೇರ ಅವಳ ಬಲಗಣ್ಣಿಗೆ ಬಡಿಯಿತು.

ಇವರ ಕೈಗೆ ಸಿಕ್ಕ ತುಂಡಿನಲ್ಲಿ ತುಕ್ಕು ಹಿಡಿದ ಮೊಳೆಯ ತುದಿ ಇಣುಕುತ್ತಿತ್ತು. ಕೂಗು ಕೇಳಿ ಬಂದ ಅತ್ತೆ ಅದನ್ನು ಕೈಗೆ ತೆಗೆದುಕೊಂಡು ನೋಡಿದರು.

"ಯಾಕೆ ಅಂತ ಕೇಳಿದ್ಯಲ್ಲಾ ಮಗ," ಎಂದರು. "ಇದುಕ್ಕೇ ಕಣ್ಲಾ."

ನಾನು ಮಗಳ ಮುಖ ಹಿಡಿದುಕೊಂಡಿದ್ದೆ. ಆಟೋ ತರಲು ಇವರು ಓಡಿದರು. ಶಿವಾನಿ ಇನ್ನೊಂದು ಕಣ್ಣನ್ನೂ ತೆರೆಯಲು ಹೆದರುತ್ತಿದ್ದಳು.