ತಳದ ಕಿವಿ

ಅಟ್ಟದಿಂದ ಇಳಿಸಿದ ಪಿಂಗಾಣಿ ಕಪ್ಪುಗಳನ್ನು ಮಗಳು ಒಂದೊಂದಾಗಿ ಒರೆಸುತ್ತಿದ್ದಳು. ಅಪ್ಪನನ್ನು ಮಣ್ಣುಮಾಡಿ ಬಂದವರು ಹೊರಕೋಣೆಯಲ್ಲಿ ಕೂತಿದ್ದರು.

"ಅವನ್ನ್ಯಾಕೆ ತೆಗ್ದೆ? ಸ್ಟೀಲ್ ಲೋಟ ಇರ್ಲಿಲ್ವಾ?" ಅಮ್ಮ ದನಿ ತಗ್ಗಿಸಿದಳು.

"ಅಪ್ಪ ಮಾಡಿದ್ದು. ಇವತ್ತಲ್ದೆ ಇನ್ಯಾವತ್ತು?"

ಬಾಗಿಲ ಸಂದಿಯಿಂದ ಮಗಳು ಭಟ್ಟಿ ಮೇಸ್ತ್ರಿಯನ್ನೇ ನೋಡುತ್ತಿದ್ದಳು. ಅಪ್ಪನನ್ನು ಪಿಂಗಾಣಿ ಕಾರ್ಖಾನೆಯಿಂದ ಹೊರಗೆ ಹಾಕಿದ ಮೇಲೂ ಈತನ ಕೆಲಸ ಮಾತ್ರ ಉಳಿದಿತ್ತು.

"ಅಣ್ಣ ಹೋಗ್ಬಿಟ್ನಲ್ಲಮ್ಮಾ," ಚಿಕ್ಕಪ್ಪ ಬಂದು ಅವಳ ತಲೆ ಸವರಿದ. ಅತ್ತೂ ಅತ್ತೂ ಅವನ ಕಣ್ಣುಗಳು ಊದಿಕೊಂಡಿದ್ದವು.

*

ಅದು ಮುಷ್ಕರ ಮುರಿದ ವರ್ಷ. ಕಾರ್ಖಾನೆಯಲ್ಲಿ ಯಾರು ಕೆಮ್ಮಿದರೂ ಮಾಲೀಕರಿಗೆ ಸುದ್ದಿ ಹೋಗುತ್ತಿತ್ತು. ಅವರ ಸಭೆಯ ಮೇಜಿಗೆಂದು ಮಾಡಿದ ಕಪ್ಪುಗಳ ಒಳತಳದಲ್ಲಿ ಅಪ್ಪ ಒಂದೊಂದು ಕಿವಿ ಬರೆದ. ಬಿಳಿ ಲೇಪ ಬಳಿದರೆ ಚಿತ್ರ ಮುಚ್ಚಿಹೋಗುತ್ತದೆ. ಭಟ್ಟಿಯಲ್ಲಿ ಬೆಂದು ಲೇಪ ಗಾಜಿನಂತಾದಾಗ ಮತ್ತೆ ಕಾಣುತ್ತದೆ.

"ಕುಡಿದು ಮುಗಿಸ್ಲಿ, ಅವರ ಕಿವಿ ಅವರಿಗೇ ಕಾಣ್ಲಿ," ಎಂದು ನಕ್ಕಿದ್ದ.

ಭಟ್ಟಿ ತೆರೆಯುವ ದಿನ ಮಾಲೀಕರ ಕಡೆಯವರು ಬಂದು ಎಲ್ಲರನ್ನೂ ಆಚೆ ಕಳಿಸಿದರು. ನೇರವಾಗಿ ಕಪ್ಪುಗಳ ತಳ ನೋಡಿದರು. ಒಂದೂ ಬಿಡದೆ ಒಡೆದರು. ಪರೀಕ್ಷೆಗೆಂದು ಮೊದಲೇ ಸುಟ್ಟು ಮನೆಗೆ ತಂದವಷ್ಟೇ ಉಳಿದವು.

"ನಿಮ್ಮಿಬ್ರನ್ನ ಬಿಟ್ರೆ ಒಬ್ರಿಗೇ ಹೇಳಿದ್ದೆ," ಎಂದಿದ್ದ ಅಪ್ಪ. "ಯಾರು ಅಂತ ಮಾತ್ರ ಕೇಳ್ಬೇಡ ಮಗಳೇ."

ಅವಳು ಕೇಳಲಿಲ್ಲ. ಅವನು ಮತ್ತೆ ಕುಂಚ ಹಿಡಿಯಲಿಲ್ಲ.

*

ಚಹಾ ಕೊಟ್ಟು ಅವಳು ಗೋಡೆಗೆ ಒರಗಿ ನಿಂತಳು. ಮೊದಲು ಮುಗಿಸಿದವನು ಚಿಕ್ಕಪ್ಪ. ಕಿಟಕಿಯಾಚೆ ನೋಡುತ್ತಲೇ ಕಪ್ಪನ್ನು ಸ್ಟೂಲಿನ ಮೇಲಿಟ್ಟ. ಅವಳ ಕಣ್ಣು ಮೇಸ್ತ್ರಿಯ ಮೇಲಿತ್ತು.

ಮೇಸ್ತ್ರಿ ಸೊರ್ರನೆ ಕೊನೆಯ ಗುಟುಕು ಎಳೆದು, ಕಪ್ಪಿನೊಳಗೆ ಇಣುಕಿ, ಬೆಚ್ಚಿದ.

"ಅಯ್ಯೋ ಮಹರಾಯ! ಇದಾ ನೀನು ಬರ್ದಿದ್ದು? ಏನೋ ಬೈಗುಳ ಬರ್ದಿದ್ದೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ನಲ್ಲೋ!" ನಗಲು ಹೋಗಿ ಅತ್ತುಬಿಟ್ಟ.

ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

"ನಂದ್ರಲ್ಲೂ ಇದೆ ಕಣ್ರೀ!" ಪಕ್ಕದ ಮನೆಯಾಕೆ ತನ್ನ ಕಪ್ಪನ್ನು ಬೆಳಕಿಗೆ ಹಿಡಿದಳು. "ಓಲೆ ಬೇರೆ ಹಾಕಿದಾನೆ, ಪುಣ್ಯಾತ್ಮ."

ಮಗಳು ತಟ್ಟೆ ಹಿಡಿದು ಖಾಲಿ ಕಪ್ಪುಗಳನ್ನು ಎತ್ತುತ್ತಾ ಕಿಟಕಿಯ ಬಳಿ ಬಂದಳು.

"ನಿಮ್ದ್ರಲ್ಲಿ ಎಂಥಾ ಕಿವಿ ಇದೆ ಚಿಕ್ಕಪ್ಪಾ?"

ಸ್ಟೂಲಿನ ಮೇಲೆ ಅವನ ಕಪ್ಪು ಬೋರಲಾಗಿತ್ತು. ಅದರ ಸುತ್ತ ಒಸರಿದ ಚಹಾದ ಉಂಗುರ ಆಗಲೇ ಒಣಗಿಹೋಗಿತ್ತು.